ಹಿಂದಕ್ಕೆ ತಿರುಗಿದ ಮುಳ್ಳು

ಪರದೆಯ ಮೇಲಿನ ಹುಡುಗಿ ಸ್ಟೂಲು ಎಳೆದು ತಂದು ಗೋಡೆ ಗಡಿಯಾರದ ಕೆಳಗೆ ಇಟ್ಟಾಗ, ಮೂರನೇ ಸಾಲಿನಲ್ಲಿ ಕೂತಿದ್ದ ಅಕ್ಕನ ಎದೆ ಧಸಕ್ಕೆಂದಿತು.

ಅಲ್ಲಿಯವರೆಗೆ ಅವಳು ಪರದೆಗಿಂತ ಹೆಚ್ಚಾಗಿ ತನ್ನ ಕೈಗಡಿಯಾರವನ್ನೇ ನೋಡುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ತಡವಾಗಿ ಹೋದವಳಲ್ಲ, ತನ್ನಿಂದಾಗಿ ಒಂದು ಬಸ್ಸೂ ತಡವಾಗಲು ಬಿಟ್ಟವಳೂ ಅಲ್ಲ. ಡ್ರೈವರುಗಳು ಬೆನ್ನ ಹಿಂದೆ ಗಡಿಯಾರದಮ್ಮ ಎನ್ನುತ್ತಿದ್ದರು, ಎದುರಿಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಇವತ್ತು ರಾತ್ರಿ ಎಂಟಕ್ಕೆ ಡ್ಯೂಟಿ. ಏಳರ ಬಸ್ಸು ಹಿಡಿದರೆ ಸರಿ. ತಮ್ಮ ಮಾಡಿದ ಅನಿಮೇಷನ್ ಕಿರುಚಿತ್ರ ನೋಡಲು ಬಂದದ್ದೇ ಒಲ್ಲದ ಮನಸ್ಸಿನಿಂದ. ಏಳು ನಿಮಿಷದ ಬೊಂಬೆಯಾಟಕ್ಕೆ ಮೂರು ವರ್ಷವೇ ಎಂದು ಅವಳು ಒಮ್ಮೆ ಆಡಿಕೊಂಡಿದ್ದಳು. ಅವತ್ತಿನಿಂದ ಅವನು ಅವಳ ಮುಂದೆ ಚಿತ್ರದ ಸುದ್ದಿ ಎತ್ತಿರಲಿಲ್ಲ. ಇದೂ ಕೈಕೊಟ್ಟರೆ ನಿಲ್ದಾಣದ ಗುಮಾಸ್ತನ ಕೆಲಸಕ್ಕೆ ಸೇರುತ್ತೇನೆಂದು ಅವನಿಂದ ಮಾತು ತೆಗೆದುಕೊಂಡಿದ್ದಳು. ಅರ್ಜಿ ಅವಳ ಚೀಲದಲ್ಲೇ ಇತ್ತು.

ಪರದೆಯ ಹುಡುಗಿ ಸ್ಟೂಲು ಹತ್ತಿದಳು. ಅದರ ಒಂದು ಕಾಲು ಗಿಡ್ಡ, ಕೆಳಗೆ ಮಡಚಿಟ್ಟ ರಟ್ಟು. ಅದನ್ನೂ ಬಿಟ್ಟಿಲ್ಲ ಪುಣ್ಯಾತ್ಮ. ಅಕ್ಕನಿಗೆ ಮುಂದಿನದೆಲ್ಲ ಗೊತ್ತಿತ್ತು, ಆ ಹುಡುಗಿ ಅವಳೇ. ಅಮ್ಮ ಸಾಬೂನು ಕಾರ್ಖಾನೆಗೆ ಹೊರಡುವಾಗ ಏಳಕ್ಕೆ ಬರುತ್ತೇನೆ ಎನ್ನುವಳು. ಹೆಚ್ಚಿನ ಕೆಲಸ ಬಿದ್ದರೆ ಏಳೂವರೆಯೂ ಆಗುವುದು. ಐದು ವರ್ಷದ ತಮ್ಮನಿಗೆ ಗಡಿಯಾರದಲ್ಲಿ ಗೊತ್ತಿದ್ದದ್ದು ಏಳು ಗಂಟೆಯೊಂದೇ. ಅದು ದಾಟಿತೋ, ಉಸಿರು ಸಿಕ್ಕಿಕೊಳ್ಳುವ ಹಾಗೆ ಅಳುತ್ತಿದ್ದ. ಹನ್ನೊಂದು ವರ್ಷದ ಹುಡುಗಿ ಏನು ತಾನೇ ಮಾಡಿಯಾಳು? ಏಳಕ್ಕೆ ಮುಂಚೆ ಅವನನ್ನು ಮಂಚದ ಕೆಳಗೆ ಚೆಂಡು ಹುಡುಕಲು ಕಳಿಸಿ, ದೊಡ್ಡ ಮುಳ್ಳನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿಬಿಡುತ್ತಿದ್ದಳು. "ನೋಡು, ಇನ್ನೂ ಏಳಾಗಿಲ್ಲ." ಅಮ್ಮ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಮುಳ್ಳು ಮತ್ತೆ ತನ್ನ ಜಾಗದಲ್ಲಿ. ಈ ಗುಟ್ಟನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ. ಅಮ್ಮ ತೀರಿಹೋದ ಮೇಲೆ ಹೇಳಿಕೊಳ್ಳಲು ಯಾರೂ ಉಳಿದಿರಲಿಲ್ಲ.

ಚಿತ್ರ ಅದನ್ನೆಲ್ಲ ಮಂಚದ ಕೆಳಗಿನಿಂದ ತೋರಿಸಿತು. ಕಾಣುತ್ತಿದ್ದದ್ದು ಎರಡು ಹಿಮ್ಮಡಿ ಮಾತ್ರ: ತುದಿಗಾಲಿನಲ್ಲಿ ಎದ್ದು ನಿಂತು, ಎಲ್ಲಿ ಬಿದ್ದುಬಿಡುತ್ತೇನೋ ಎಂದು ನಡುಗುತ್ತಿದ್ದ ಪುಟ್ಟ ಹಿಮ್ಮಡಿಗಳು. ಅವಳಿಗೇ ಮರೆತುಹೋಗಿದ್ದ ನಡುಕ ಅದು. ಪೆನ್ಸಿಲ್ಲಿನಲ್ಲಿ ಅಷ್ಟು ಜೀವ ತುಂಬಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಬೊಂಬೆಯಾಟ ಎಂದದ್ದಕ್ಕೆ ನಾಲಿಗೆ ಕಚ್ಚಿಕೊಂಡಳು.

ಆಮೇಲೆ ಅವಳು ಒಂದು ಸಲ ಮಾಡಿದ ಎಡವಟ್ಟೂ ಬಂತು. ಮುಳ್ಳು ಸರಿಪಡಿಸುವುದನ್ನು ಮರೆತು ಮಲಗಿದ್ದಳು. ಮರುದಿನ ಅಮ್ಮ ಹೋಗುವಷ್ಟರಲ್ಲಿ ಕಾರ್ಖಾನೆಯ ಗೇಟು ಮುಚ್ಚಿತ್ತು. ಅಮ್ಮ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ರಿಪೇರಿ ಅಂಗಡಿಗೆ ನಡೆದಳು. ಅಂಗಡಿಯವನು ಮೂರು ದಿನ ಬಿಚ್ಚಿ, ಜೋಡಿಸಿ, ಕಿವಿಗಿಟ್ಟು ಕೇಳಿ, ಕೊನೆಗೆ ಹೇಳಿದ: "ಗಡಿಯಾರಕ್ಕೆ ಏನೂ ಆಗಿಲ್ಲ ಕಣಮ್ಮ, ನಿಮ್ಮ ಮನೇಲಿ ಯಾರಿಗಾದ್ರೂ ಏನಾದ್ರೂ ಆಗಿದೆಯಾ ನೋಡಿ." ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಕ್ಕನೂ ನಕ್ಕಳು, ನಗುತ್ತಲೇ ಅತ್ತಳು, ಕರವಸ್ತ್ರಕ್ಕೆ ಚೀಲದಲ್ಲಿ ಕೈ ಹಾಕಿದರೆ ಸಿಕ್ಕಿದ್ದು ಅರ್ಜಿ. ಬೇರೇನೂ ತೋಚದೆ ಅದರಲ್ಲೇ ಕಣ್ಣೊರೆಸಿಕೊಂಡಳು.

ದೀಪ ಹತ್ತಿದ ಮೇಲೆ ಜನ ತಮ್ಮನನ್ನು ಮುತ್ತಿಕೊಂಡರು. ಆ ಹಿಮ್ಮಡಿಗಳನ್ನು ಹೇಗೆ ಬಿಡಿಸಿದಿರಿ ಎಂದು ಯಾರೋ ಕೇಳಿದರು. ಅಷ್ಟಕ್ಕೇ ಎರಡು ತಿಂಗಳು ಹಿಡಿಯಿತು, ನಡುಕ ಕಡಿಮೆಯಾದರೆ ಸುಳ್ಳಾಗುತ್ತಿತ್ತು, ಹೆಚ್ಚಾದರೆ ನಾಟಕವಾಗುತ್ತಿತ್ತು ಎಂದು ಅವನು ಸಂಕೋಚದಿಂದ ಹೇಳುತ್ತಿದ್ದ. ಎಲ್ಲರೂ ಹೋದ ಮೇಲೆ ಬಂದು, ಬೈಸಿಕೊಳ್ಳಲು ಸಿದ್ಧನಾದವನ ಹಾಗೆ ಅವಳ ಮುಂದೆ ನಿಂತ.

"ನಿಂಗೆ ಆಗ್ಲೇ ಗೊತ್ತಿತ್ತಾ?"

"ಪಕ್ಕದ ಮನೆ ರೇಡಿಯೋದಲ್ಲಿ ಏಳು ಗಂಟೆ ವಾರ್ತೆ ಶುರುವಾಗ್ತಿತ್ತಲ್ಲ ಅಕ್ಕ. ನಮ್ಮ ಗಡಿಯಾರದಲ್ಲಿ ಮಾತ್ರ ಇನ್ನೂ ಏಳಾಗಿರ್ತಿರ್ಲಿಲ್ಲ."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ಅಮ್ಮ ಬರ್ಲಿಲ್ಲ ಅಂತ ನಿಂಗೂ ಭಯ ಆಗ್ತಿತ್ತು. ಮುಳ್ಳು ತಿರುಗಿಸಿ ಕೆಳಗಿಳಿದಾಗ ನಿನ್ನ ಮುಖ ಸರಿಹೋಗ್ತಿತ್ತು. ಅದಕ್ಕೆ ನಂಬಿದ ಹಾಗೆ ಇರ್ತಿದ್ದೆ."

ಇಷ್ಟು ವರ್ಷ ಅಕ್ಕ, ತಾನು ಇವನನ್ನು ಸಾಕಿದೆ ಎಂದುಕೊಂಡಿದ್ದಳು. ಐದು ವರ್ಷದ ಪೋರ ಮಂಚದ ಕೆಳಗೆ ಕೂತು ತನ್ನನ್ನು ಕಾಯುತ್ತಿದ್ದ.

"ಅರ್ಜಿ ತಂದಿದ್ದೀಯಾ?" ಅವನೇ ಕೇಳಿದ.

"ಯಾವ ಅರ್ಜಿ?" ಎಂದಳು, ಒದ್ದೆ ಕಾಗದವನ್ನು ಮುಷ್ಟಿಯಲ್ಲಿ ಮುದುರುತ್ತ.

ಅವನು ನಕ್ಕ. ಮರುಕ್ಷಣವೇ ಏನೋ ನೆನಪಾಗಿ ಗಾಬರಿಯಾದ. "ಅಯ್ಯೋ, ನಿನ್ನ ಏಳರ ಬಸ್ಸು? ಎಷ್ಟಾಯ್ತು ಈಗ?"

ಅಕ್ಕ ಕೈಗಡಿಯಾರ ನೋಡಿಕೊಂಡಳು. ಏಳೂಕಾಲು. ತೋಳಿನ ಬಟ್ಟೆಯನ್ನು ಅದರ ಮೇಲೆ ಎಳೆದುಕೊಂಡು, ಪಕ್ಕದ ಕುರ್ಚಿಯನ್ನು ತಟ್ಟಿದಳು.

"ಇನ್ನೂ ಏಳಾಗಿಲ್ಲ. ಕೂತ್ಕೋ."