ಹೇಳಿದವರ ಹೆಸರು

ವಿನ್ಸೆಂಟ್ ಕೊನೆಯ ಚೀಟಿಯನ್ನು ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಓದಿದರು: "ಬೇರಿಗೆ ಊರು ಒಗ್ಗುವ ತನಕ ಎಲೆಗೆ ಅವಸರ ಮಾಡಬಾರದು. ಈ ಮಾತು ಯಾರು ಹೇಳಿದ್ದು?"

ಎದುರಿಗೆ ಹೆಂಡತಿಯ ಜೊತೆ ನಿಂತಿದ್ದ ಚಂದ್ರಹಾಸ ಕಣ್ಣು ಕೆಳಗಿಳಿಸಿದರು.

ತಿರುವನಂತಪುರದ ಕನ್ನಡ ಸಂಘದವರೂ ಕೊಚ್ಚಿಯ ಸಂಘದವರೂ ವರ್ಷಕ್ಕೊಮ್ಮೆ ಒಟ್ಟು ಸೇರುವ ದಿನ ಅದು. ಮಧ್ಯಾಹ್ನದ ಊಟವಾದ ಮೇಲೆ ಗಂಡ ಹೆಂಡತಿ ಜೋಡಿಗಳಿಗೆ ಒಂದು ಆಟ. ದೊಡ್ಡವರು ಆಡಿದ ಮಾತನ್ನು ಬ್ಯಾಂಕ್ ಮ್ಯಾನೇಜರ್ ವಿನ್ಸೆಂಟ್ ಓದುತ್ತಾರೆ, ಹೇಳಿದವರು ಯಾರೆಂದು ಜೋಡಿ ಹೇಳಬೇಕು. ಹನ್ನೊಂದು ಜೋಡಿಗಳಲ್ಲಿ ಕೊನೆಗೆ ಉಳಿದದ್ದು ಎರಡೇ: ಕೊಚ್ಚಿಯದೊಂದು, ಚಂದ್ರಹಾಸ ಮತ್ತು ಗೌರಿಯದೊಂದು. ಅಂಕ ಸಮಸಮ. ಬಹುಮಾನಕ್ಕೆಂದು ಚಾಲೈ ಪೇಟೆಯಿಂದ ತಂದ ಉರುಳಿ, ಪಾಯಸ ಕಾಯಿಸುವ ಅಗಲ ಬಾಯಿಯ ಕಂಚಿನ ಪಾತ್ರೆ, ಮೇಜಿನ ಮೇಲೆ ಫಳಫಳ ಹೊಳೆಯುತ್ತಿತ್ತು. ಗೌರಿಯವರ ಕಣ್ಣು ಬೆಳಗಿನಿಂದ ಅದರ ಮೇಲೆಯೇ. ಎರಡು ಸಲ ಹತ್ತಿರ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಎತ್ತಿ ತೂಕವನ್ನೂ ನೋಡಿ ಬಂದಿದ್ದರು.

ಉತ್ತರ ಚಂದ್ರಹಾಸರಿಗೆ ಗೊತ್ತಿತ್ತು. ಒಂದಲ್ಲ, ಎರಡು ಉತ್ತರ ಗೊತ್ತಿತ್ತು, ಅದೇ ತೊಂದರೆ.

ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಫೈಲು ನೋಡುವ ಈ ಮನುಷ್ಯನಿಗೆ ಒಂದು ಚಟ. ದಿನಾ ಬೆಳಿಗ್ಗೆ ಆರಕ್ಕೆ ಸರಿಯಾಗಿ ಎರಡೂ ಸಂಘಗಳ ವಾಟ್ಸಾಪ್ ಗುಂಪಿಗೆ ಒಂದು ಸೂಕ್ತಿ ಹಾಕಬೇಕು. ಮೊದಮೊದಲು ತಾವೇ ತಲೆ ಕೆರೆದುಕೊಂಡು ಬರೆದರು. ಒಬ್ಬರೂ ಹೆಬ್ಬೆರಳು ಎತ್ತಲಿಲ್ಲ. ಹದಿನೈದನೆಯ ದಿನಕ್ಕೆ ಸರಕು ಖಾಲಿಯಾಯಿತು. ಆಗ ನೆನಪಾದದ್ದು ಗೌರಿಯ ಮಾತು. ಹಿಂದೆ ಕೊಚ್ಚಿಯ ಮಟ್ಟಾಂಚೇರಿಯಿಂದ ತಿರುವನಂತಪುರದ ಕಡಲಂಚಿನ ತುಂಬ ಎಂಬ ಊರಿಗೆ ಮನೆ ಬದಲಾಯಿಸಿದಾಗ, ಲಾರಿಯಲ್ಲಿ ತಂದ ಕರಿಬೇವಿನ ಕುಂಡ ವಾರದೊಳಗೆ ಬೋಳಾಗಿತ್ತು. ಇನ್ನು ಇದನ್ನಿಟ್ಟುಕೊಂಡು ಏನು ಮಾಡುವುದೆಂದು ಅವರು ಎಸೆಯಹೊರಟಾಗ, ಗೌರಿ ಕುಂಡವನ್ನು ಕಿತ್ತುಕೊಂಡು, ಗಿಡದ ಕಡೆ ಬಾಗಿ ಮೆಲ್ಲಗೆ ಈ ಮಾತು ಹೇಳಿದ್ದರು. ಹೊಸ ಊರಲ್ಲಿ ಮಾತಾಡಲು ಜನವಿಲ್ಲದೆ ಆ ದಿನಗಳಲ್ಲಿ ಗೌರಿಯೂ ಬಾಡಿಹೋಗಿದ್ದರು.

ಆ ಮಾತನ್ನೇ ಗುಂಪಿಗೆ ಹಾಕಿದರು. ಹೆಂಡತಿಯ ಹೆಸರು ಬರೆದರೆ ಜನ ನಕ್ಕಾರೆಂದು, ಕೆಳಗೆ ಒಬ್ಬ ದೊಡ್ಡ ಸಂತರ ಹೆಸರು ಸೇರಿಸಿಬಿಟ್ಟರು. ನಲವತ್ತಮೂರು ಮಂದಿ ಕೈಮುಗಿದರು. ವಿನ್ಸೆಂಟ್ ಅಂತೂ ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡರು; ಈಗ ಅಲ್ಲಿಂದಲೇ ಚೀಟಿಗೆ ಇಳಿದಿತ್ತು. ಗೌರಿಗೆ ಇದೊಂದೂ ತಿಳಿಯದು. ಬೆಳಿಗ್ಗೆ ಎದ್ದು ಉಪದೇಶ ಓದಲು ತನಗೆ ಪುರುಸೊತ್ತಿಲ್ಲವೆಂದು ಅವರು ಆ ಗುಂಪಿಗೆ ಸೇರಿಯೇ ಇರಲಿಲ್ಲ.

ಗೌರಿ ಗಂಡನ ತೋಳು ಜಗ್ಗಿದರು. "ಓ ಇವರೇ, ಕರಿಬೇವಿನ ಗಿಡಕ್ಕೆ ನಾನು ಹೇಳಿದ್ದೂ ಹೀಗೇ. ದೊಡ್ಡವರು ಸಹ ಇದನ್ನೇ ಹೇಳಿದ್ದಾರೆ ನೋಡಿ."

ಅವರ ಮುಖ ಅರಳಿತ್ತು. ಸಂಶಯದ ಒಂದು ಎಳೆಯೂ ಅಲ್ಲಿರಲಿಲ್ಲ. ಚಂದ್ರಹಾಸರಿಗೆ ಚುಚ್ಚಿದ್ದು ಅದೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು, ಅದು ಇಪ್ಪತ್ತೇಳು ವರ್ಷಗಳ ಅಭ್ಯಾಸ. ಈಗ ಸಂತರ ಹೆಸರು ಹೇಳಿದರೆ ಉರುಳಿ ಮನೆಗೆ ಬರುತ್ತದೆ. ನಿಜ ಹೇಳಿದರೆ ಕೊಚ್ಚಿಗೆ ಹೋಗುತ್ತದೆ. ವಿನ್ಸೆಂಟ್ ಕೈಗಡಿಯಾರ ನೋಡಿಕೊಂಡರು.

"ಗೌರಿ," ಎಂದರು ಚಂದ್ರಹಾಸ.

"ಹೆಂಡತಿಯನ್ನು ಯಾಕೆ ಕರೀತೀರಿ ಸರ್? ನೀವೇ ಹೇಳಿ," ಎಂದರು ವಿನ್ಸೆಂಟ್.

"ಕರೆದದ್ದಲ್ಲ, ಅದೇ ಉತ್ತರ. ಈ ಮಾತು ಹೇಳಿದ್ದು ಗೌರಿ. ಬೇರೆಯವರ ಹೆಸರು ಹಾಕಿದ್ದು ನಾನು."

ಸಭೆ ಗೊಳ್ಳೆಂದು ನಕ್ಕಿತು. ಹೆಂಡತಿಗೆ ಬೆಣ್ಣೆ ಹಚ್ಚುವುದಿದ್ದರೆ ಮನೆಗೆ ಹೋಗಿ ಹಚ್ಚಿ ಎಂದು ಹಿಂದಿನಿಂದ ಯಾರೋ ಕೂಗಿದರು. ವಿನ್ಸೆಂಟ್ ಕೂಡ ನಗುತ್ತಲೇ ಚೀಟಿಯ ಹಿಂಬದಿ ನೋಡಿ, ಉತ್ತರ ತಪ್ಪು ಎಂದು ಸಾರಿದರು. ಕೊಚ್ಚಿಯ ಜೋಡಿ ಸಂತರ ಹೆಸರು ಹೇಳಿ ಉರುಳಿ ಎತ್ತಿಕೊಂಡಿತು. ಅಷ್ಟು ಜನರಲ್ಲಿ ನಗದೆ ಉಳಿದವರು ಗೌರಿ ಒಬ್ಬರೇ.

ಮನೆಗೆ ಮರಳುವ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಚಂದ್ರಹಾಸ ಹೇಗೋ ಬಾಯಿ ಬಿಟ್ಟು, ತಪ್ಪಾಯಿತೆಂದರು. ನಾಳೆಯೇ ಚಾಲೈಗೆ ಹೋಗಿ ಅದಕ್ಕಿಂತ ದೊಡ್ಡ ಉರುಳಿ ತರೋಣವೆಂದರು. ಎರಡು ಸ್ಟಾಪು ದಾಟಿದ ಮೇಲೆ ಗೌರಿ ಕಿಟಕಿಯಿಂದ ಮುಖ ತಿರುಗಿಸಿದರು.

"ಉರುಳಿ ಹೋಗಲಿ," ಎಂದರು. "ನಾನು ಅದನ್ನು ಹೇಳಿದ್ದು ಗಿಡಕ್ಕೆ. ನೀವು ಕೇಳಿಸಿಕೊಂಡದ್ದು ನನಗೆ ಗೊತ್ತೇ ಇರಲಿಲ್ಲ."

ಅದು ಕೋಪವೋ ಸಂತೋಷವೋ ಚಂದ್ರಹಾಸರಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ, ಮದುವೆಯಾದಂದಿನಿಂದ ಒಂದು ದಿನವೂ ತಪ್ಪಿಸದೆ ಸಾರು ಬಾಯಿಗಿಟ್ಟೊಡನೆ ಹೇಳುತ್ತ ಬಂದ ಮಾತನ್ನೂ ಅನ್ನದ ಜೊತೆಗೇ ನುಂಗಿಕೊಂಡು ಎದ್ದರು. ಗೌರಿ ಅವರನ್ನು ಒಮ್ಮೆ ನೋಡಿ, ತಟ್ಟೆ ಎತ್ತಿದರು.

ಮರುದಿನ ಬೆಳಿಗ್ಗೆ ಆರಾಯಿತು. ಗುಂಪಿಗೆ ಸೂಕ್ತಿ ಹಾಕುವ ಮುಖ ಚಂದ್ರಹಾಸರಿಗೆ ಇರಲಿಲ್ಲ. ಸುಮ್ಮನೆ ಮಲಗಿದ್ದರು. ಮೊಬೈಲು ಟಿಂಗೆಂದಿತು. ಗುಂಪಿಗೆ ಗೌರಿ ಸೇರಿದ್ದರು. ಬಂದವರೇ ಅಂದಿನ ಸೂಕ್ತಿಯನ್ನೂ ಹಾಕಿದ್ದರು.

"ಸಾರಿಗೆ ಉಪ್ಪು ಒಂಚೂರು ಬೇಕಿತ್ತು."

ಅದರ ಕೆಳಗೆ, ಹೇಳಿದವರ ಹೆಸರನ್ನು ಒಂಚೂರೂ ಬದಲಿಸದೆ ಬರೆದಿದ್ದರು: ಚಂದ್ರಹಾಸ.