ತಾಲೀಮಿನ ಸಂದರ್ಶನ

ಬಾಗಿಲು ತಪ್ಪಿದ್ದು ಗುಬ್ಬಿಗೆ ಗೊತ್ತೇ ಆಗಲಿಲ್ಲ. ವಿಶ್ವವಿದ್ಯಾಲಯದ ಉದ್ಯೋಗ ಮಾರ್ಗದರ್ಶನ ವಿಭಾಗದಲ್ಲಿ ಅಂದು ಅಕ್ಕಪಕ್ಕದ ಎರಡು ಕೋಣೆಗಳಲ್ಲಿ ಸಂದರ್ಶನ. ಎಡಗಡೆಯದು ಬರೀ ತಾಲೀಮು. ಬಲಗಡೆಯದು ನಿಜವಾದದ್ದು, ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಒಬ್ಬರೇ ಒಬ್ಬರು ಬೇಕಾಗಿದ್ದರು. ಅಲ್ಲಿ ಗುಬ್ಬಿಯ ಸರದಿ ಇದ್ದದ್ದು ಮಧ್ಯಾಹ್ನಕ್ಕೆ. ರಸಾಯನಶಾಸ್ತ್ರದ ಕೊನೆಯ ವರ್ಷದ ಈ ಹುಡುಗಿ, ಮಾರ್ಗದರ್ಶಕರು ಬರೆಸಿದ್ದ ಉತ್ತರಗಳನ್ನು ಗುನುಗಿಕೊಳ್ಳುತ್ತಾ ಬೆಳಿಗ್ಗೆ ತಾಲೀಮಿಗೆಂದು ಬಂದವಳು ಬಲಗಡೆಗೆ ನುಗ್ಗಿಬಿಟ್ಟಳು.

ಒಳಗೆ ಕನ್ನಡಕದ ಮೇಡಂ ಒಬ್ಬರೇ ಕೂತಿದ್ದರು. ಮೊದಲ ಪ್ರಶ್ನೆಗೇ ಬಾಯಿಪಾಠವೆಲ್ಲ ಮಂಗಮಾಯ. ಹೇಗೂ ತಾಲೀಮು ತಾನೇ ಎಂದುಕೊಂಡು ಗುಬ್ಬಿ ಬಾಯಿಗೆ ಬಂದದ್ದನ್ನು ಹೇಳತೊಡಗಿದಳು.

“ಈ ಕೆಲಸ ಯಾಕೆ ಬೇಕು ನಿನಗೆ?”

“ಬೇಕೋ ಬೇಡ್ವೋ ಅಂತಾನೇ ಗೊತ್ತಿಲ್ಲ ಮೇಡಂ. ಎಲ್ಲರೂ ಅರ್ಜಿ ಹಾಕಿದ್ರು, ನಾನೂ ಹಾಕ್ದೆ. ಅಪ್ಪ ದಿನಾ ಫೋನ್ ಮಾಡಿ ಏನಾಯ್ತು, ಏನಾಯ್ತು ಅಂತಾರೆ. ಅವರಿಗೆ ಹೇಳೋಕೆ ಏನಾದ್ರೂ ಬೇಕಲ್ಲ.”

“ಪರೀಕ್ಷೆ ಮಾಡುವಾಗ ಫಲಿತಾಂಶ ತಪ್ಪು ಬಂದ್ರೆ?”

“ಒಂದ್ಸಲ ಬಂದಿತ್ತು. ಪಕ್ಕದವಳ ಅಂಕಿ ನೋಡಿ ಬರ್ಕೊಂಡೆ. ಎರಡು ದಿನ ಊಟ ಸೇರ್ಲಿಲ್ಲ. ಆಮೇಲೆ ಮೇಷ್ಟ್ರ ಹತ್ರ ಹೋಗಿ ಒಪ್ಕೊಂಡೆ. ಸೊನ್ನೆ ಹಾಕಿದ್ರು. ಅಳ್ತಾ ಅಳ್ತಾ ಮತ್ತೆ ಮೊದಲಿಂದ ಮಾಡ್ದೆ.”

ಮೇಡಂ ಏನನ್ನೋ ಬರೆದುಕೊಂಡು, “ಆಯ್ತು, ಹೋಗು” ಎಂದರು.

ಹೊರಗೆ ಮಾರ್ಗದರ್ಶಕರು ಬೆವರೊರೆಸಿಕೊಳ್ಳುತ್ತಾ ಅವಳನ್ನೇ ಹುಡುಕುತ್ತಿದ್ದರು. ಅವಳು ಹೊಕ್ಕಿದ್ದ ಕೋಣೆ ಯಾವುದೆಂದು ಅವರಿಂದ ತಿಳಿದ ಗುಬ್ಬಿ ಒಳಗೆ ಹೇಳಿದ್ದನ್ನೆಲ್ಲ ಒಪ್ಪಿಸಿದಳು. “ಸೊನ್ನೆ ಬಂದಿದ್ದನ್ನೂ ಹೇಳ್ಬಿಟ್ಯಾ ತಾಯಿ?” ಎಂದು ಅವರು ಹಣೆ ಚಚ್ಚಿಕೊಂಡರು. “ಇರು. ಇನ್ನೊಂದು ಅವಕಾಶ ಕೇಳಿ ನೋಡೋಣ.”

ಎಲ್ಲರ ಸರದಿ ಮುಗಿದು ಮೇಡಂ ಹೊರಬಂದಾಗ ಸಂಜೆ ನಾಲ್ಕೂವರೆ. ಅವರ ಕೈಯಲ್ಲೊಂದು ಪತ್ರವಿತ್ತು. ಮಾರ್ಗದರ್ಶಕರು ಅಡ್ಡ ಬಂದು ನಿಂತರು.

“ಮೇಡಂ, ಈ ಹುಡುಗಿ ತಾಲೀಮು ಅಂದ್ಕೊಂಡು ಏನೇನೋ ಹೇಳಿದ್ದಾಳೆ. ಅದನ್ನೆಲ್ಲ ಮನಸ್ಸಿಗೆ ಹಾಕ್ಕೋಬೇಡಿ. ಇನ್ನೊಂದ್ಸಲ ಕೇಳಿ, ಸರಿಯಾಗಿ ಹೇಳ್ತಾಳೆ.”

ಮೇಡಂ ಕನ್ನಡಕ ತೆಗೆದು ಗುಬ್ಬಿಯನ್ನು ನೋಡಿದರು. “ಹಾಗಾದ್ರೆ ನನಗೆ ಹೇಳಿದ್ದೆಲ್ಲ ಸುಳ್ಳಾ?”

ಹೂಂ ಅನ್ನು ಎಂಬಂತೆ ಮಾರ್ಗದರ್ಶಕರು ಮೇಡಂ ಬೆನ್ನ ಹಿಂದೆ ಸರಿದು ತಲೆಯಾಡಿಸುತ್ತಿದ್ದರು. ಗುಬ್ಬಿ ಇಬ್ಬರ ಮುಖವನ್ನೂ ಮಿಕಿಮಿಕಿ ನೋಡಿದಳು.

“ಇಲ್ಲ ಮೇಡಂ, ಎಲ್ಲ ನಿಜ,” ಎಂದಳು ಕೊನೆಗೆ. “ನಿಜವಾದ ಇಂಟರ್ವ್ಯೂ ಅಂತ ಗೊತ್ತಿದ್ದಿದ್ರೆ ಸುಳ್ಳು ಹೇಳ್ತಿದ್ದೆ.”

ಮೇಡಂ ಪತ್ರವನ್ನು ಅಲ್ಲೇ ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿ, ಅವಳ ಕೈಗಿಟ್ಟು, ಮೆಟ್ಟಿಲಿಳಿದು ಹೋದರು. ಪತ್ರದಲ್ಲಿ ತನ್ನದೇ ಹೆಸರು. ಕೆಲಸ ಸಿಕ್ಕಿದ್ದು ಬೆಳಿಗ್ಗೆ ಆಡಿದ ಮಾತಿಗೋ, ಈಗ ಆಡಿದ ಮಾತಿಗೋ ಎಂದು ಕೇಳೋಣವೆಂದು ಗುಬ್ಬಿ ತಿರುಗಿದಳು. ಮಾರ್ಗದರ್ಶಕರೂ ಅದನ್ನೇ ಕೇಳಲು ಬಾಯಿ ತೆರೆದು ಅವಳತ್ತ ನೋಡುತ್ತಿದ್ದರು.