ನೂರು ಶಬ್ದ, ನೂರು ಏಟು

ಛಟೀರ್!

ಆ ಏಟಿನ ಸದ್ದಿಗೆ ತಾಂಡೂರಿನ ಕಾಗಿಣಾ ಹೊಳೆಯ ಕೊಕ್ಕರೆಗಳೆಲ್ಲ ಎದ್ದು ಜಹೀರಾಬಾದಿಗೆ ಹಾರಿಹೋದವು. ಮೂರು ವರ್ಷ ತಿರುಗಿ ಬರಲಿಲ್ಲ. ನಂಬದವರು ನಂಬಬೇಡಿ. ನಿಜಾಮ್ ಸರಕಾರದ ಕಾಲದಲ್ಲಿ ಶಾಂತಪ್ಪ ಮಾಸ್ತರರ ಬೆತ್ತಕ್ಕೆ ಅಷ್ಟು ದಮ್ಮಿತ್ತು.

"ಆಬ್ಸ್ಟಿನೇಟ್ ಅಂದ್ರ ಏನಲೇ?"

ಮಾಣಿಕಪ್ಪನ ಅಂಗೈ ಸುಟ್ಟ ಬದನೆಕಾಯಿಯಂತೆ ಊದಿತ್ತು. ಇಪ್ಪತ್ತೈದರ ಗಂಡಸು, ತನ್ನೂರು ಪೆದ್ದೆಮುಲ್‌ನ ಹೊಲದಲ್ಲಿ ಹೋರಿಯ ಕೊಂಬು ಒಂದೇ ಕೈಯಲ್ಲಿ ಹಿಡಿದು ಅದನ್ನು ಕೂರಿಸುವವನು. ರೈಲ್ವೆಯಲ್ಲಿ ತಂತಿ ಕಳಿಸುವ ತಾರು ಬಾಬು ಆಗಬೇಕೆಂದು ಬಂದಿದ್ದ. ಸಿಕಂದರಾಬಾದಿನ ಪರೀಕ್ಷೆಯಲ್ಲಿ ಬಿಳಿ ದೊರೆ ಕೇಳುವುದೆಲ್ಲ ಹಲ್ಲು ಮುರಿಯುವ ಇಂಗ್ಲಿಷ್ ಶಬ್ದಗಳು. ಒರಟು ರೈತರ ತಲೆಗೆ ಅವನ್ನು ಇಳಿಸುವ ವಿದ್ಯೆ ಆ ಸೀಮೆಯಲ್ಲಿ ಶಾಂತಪ್ಪ ಮಾಸ್ತರರೊಬ್ಬರಿಗೇ ಗೊತ್ತು.

"ಮರತೀನ್ರಿ ಮಾಸ್ತರ."

ಛಟೀರ್! "ಹಟಮಾರಿ! ಹಟಮಾರಿ ಅಂತ ಅರ್ಥ! ನಿಮ್ಮಪ್ಪಗೂ ಬುದ್ಧಿ ಇರಲಿಲ್ಲ. ಇದ್ದಿದ್ರ ನಿನ್ನಂಥವನ್ನ ಹುಟ್ಟಿಸ್ತಿದ್ನೇನು?"

ಸತ್ತ ಅಪ್ಪನ ಮಾತು ಬಂದದ್ದೇ ತಡ, ಮಾಣಿಕಪ್ಪ ಹಾರಿ ಮಾಸ್ತರರ ಶೇರ್ವಾನಿಯ ಕಾಲರು ಹಿಡಿದ. ಬಿಡಿಸಲು ಬಂದ ಐದು ಮಂದಿಯನ್ನು ಒಂದೇ ಸಲ ಕೊಡವಿದ. ಜೊತೆಗೆ ಕಲಿಯುತ್ತಿದ್ದ ತುಳಜಪ್ಪನ ಎರಡು ಹಲ್ಲು ನೆಲದ ಫರ್ಸಿಕಲ್ಲಿನ ಮೇಲೆ ಬಿದ್ದವು.

"ಮುದುಕಾ, ಒಂದಿನ ಇದೇ ಬೆತ್ತ ತಗೊಂಡು ನಿನ್ನ ಬೆನ್ನಿನ ತೊಗಲು ಸುಲೀತೀನಿ!"

ಮಾಸ್ತರರ ರೆಪ್ಪೆ ಅಲ್ಲಾಡಲಿಲ್ಲ. "ಆತು. ನೀ ಪರೀಕ್ಷಾಕ್ಕ ಗಾಡಿ ಹತ್ತೋ ದಿನ ನೂರು ಶಬ್ದ ಕೇಳ್ತೀನಿ. ನೂರಕ್ಕ ನೂರು ಹೇಳಿದ್ರ ನೂರು ಏಟು ನನಗ. ಒಂದು ತಪ್ಪಿದ್ರೂ ನೂರು ನಿನಗ, ಮ್ಯಾಲ ಎತ್ತಿನ ಬಾಲ ಹಿಡಕೊಂಡು ಊರಿಗೆ ಹೋಗಬೇಕು. ಕಬೂಲೇನು?"

"ಕಬೂಲ್!"

ಅಂದಿನಿಂದ ನೌಕರಿಯ ಆಸೆ ಮಾಣಿಕಪ್ಪನ ತಲೆಯಿಂದ ಹಾರಿಹೋಯಿತು. ಉಳಿದದ್ದು ಒಂದೇ: ಆ ಬೆನ್ನು. ಕಾಗೆಗಳು ಬೆಂದು ಉದುರುವ ಬಿಸಿಲಿನಲ್ಲೂ ಕರಿ ಶೇರ್ವಾನಿಯ ಒಂದು ಗುಂಡಿ ಬಿಚ್ಚದ ಬೆನ್ನು. ಗೋಡೆಗೆ ಒರಗದ, ಕುರ್ಚಿಗೆ ತಾಗದ ಬೆನ್ನು. ಎಂಥ ಸೊಕ್ಕು!

ಸುಗ್ಗಿಗೆ ಊರಿಗೆ ಹೋದವನು ಜೋಳದ ತೆನೆಯ ರಾಶಿಯ ಮುಂದೆ ಬಡಿಗೆ ಹಿಡಿದು ನಿಂತ. ಏಟಿಗೊಂದು ಶಬ್ದ. "ಟಿರಾನಿಕಲ್! ಜುಲುಮ್ ಮಾಡುವವ!" ಧಡ್! "ಮ್ಯಾಲಿಗ್ನೆಂಟ್! ಕೇಡು ಬಯಸುವವ!" ಧಡ್! "ಎಕ್ಸ್‌ಕ್ರೂಶಿಯೇಟಿಂಗ್! ಜೀವ ಹಿಂಡುವ ನೋವು!" ಸಿಡಿದ ಕಾಳುಗಳನ್ನು ದೂರದ ನಾರಾಯಣಖೇಡದ ಕೋಳಿಗಳು ತಿಂದು ಕೊಬ್ಬಿದವು.

ತಾಯಿ ಗುರುಲಿಂಗಮ್ಮ ಮೊರ ಕೆಳಗಿಟ್ಟು ನೋಡಿದಳು. "ಯಪ್ಪಾ, ಜ್ವಾಳ ಬಡಿಯಾಕತ್ತೀಯೋ, ಯಾರರೆ ಮನಶ್ಯಾನ್ನ ಬಡಿಯಾಕತ್ತೀಯೋ?"

"ಎರಡೂ, ಯವ್ವಾ."

ತಾಂಡೂರಿಗೆ ಮರಳಿದ ಮೇಲೂ ಮಾಸ್ತರರ ಏಟು ನಿಲ್ಲಲಿಲ್ಲ. ಎಡಗೈಯಲ್ಲಿ ಎ ಅಕ್ಷರದಿಂದ ಎಂ ತನಕದ ಶಬ್ದಗಳ ಗಾಯ, ಬಲಗೈಯಲ್ಲಿ ಉಳಿದದ್ದು. ಶಬ್ದ ಮರೆತರೆ ಆಯಾ ಗಾಯ ತಾನೇ ಉರಿದು ಜ್ಞಾಪಿಸುತ್ತಿತ್ತು. ಒಮ್ಮೆ ತುಳಜಪ್ಪನನ್ನು ಕೇಳಿದ, "ಹಿಂದ ಪಾಸಾದವರು ಎಲ್ಲದಾರೋ?"

"ಎಲ್ಲಾ ದೊಡ್ಡ ದೊಡ್ಡ ಬಾಬುಗಳಾಗ್ಯಾರ," ಹಲ್ಲಿಲ್ಲದ ಸಂದಿಯಿಂದ ತುಳಜಪ್ಪ ಉಸುರಿದ. "ಆದ್ರ ಒಬ್ಬನೂ ಈ ಕಡಿ ಹಾಯಂಗಿಲ್ಲ. ತಾಂಡೂರು ಬಂತಂದ್ರ ಗಾಡಿ ಕಿಟಕಿ ಹಾಕ್ಕೋತಾರಂತ. ಮಾಸ್ತರಂದ್ರ ಅಷ್ಟು ಅಂಜಿಕಿ!"

"ನಾ ಕಿಟಕಿ ತಗದು ಕೂಡ್ತೀನಿ, ನೋಡ್ತಿರು."

ಗಾಡಿಯ ದಿನ ಬಂತು. ಮಾಸ್ತರರು ಉಳಿದವರನ್ನೆಲ್ಲ ಹೊರಗೆ ಹಾಕಿ ಅಗಳಿ ಜಡಿದರು. ಒಲೆಯ ಮುಂದೆ ಅವರ ಹೆಂಡತಿ ಶಕುಂತಲಾಬಾಯಿ ಅರಿಸಿನ ಹಾಕಿ ಎಣ್ಣೆ ಕಾಯಿಸುತ್ತಿದ್ದರು. ಮುಖ ಎತ್ತಲಿಲ್ಲ. "ಲಗೂ ಮುಗಸ್ರಿ. ಎಣ್ಣಿ ಆರತದ."

ಮಾಣಿಕಪ್ಪನ ಮೈ ಉರಿಯಿತು. ನನ್ನ ಗಾಯಕ್ಕೆ ಈಗಲೇ ಮದ್ದು! ಸೋಲುತ್ತೇನೆಂದು ಈ ಮುದುಕಿಗೂ ಖಾತ್ರಿ!

ಶಬ್ದಗಳು ಕಲ್ಲಿನಂತೆ ಬಿದ್ದವು. ಮಾಣಿಕಪ್ಪ ಒಂದೊಂದನ್ನೂ ಹಿಡಿದು ತಿರುಗಿ ಎಸೆದ. ನಲವತ್ತನೆಯದು ವಿಂಡಿಕ್ಟಿವ್. "ಸೇಡು ಬಿಡದವ!" ಎಂದು ಹಲ್ಲು ಕಿರಿದ. ಎಂಬತ್ತಕ್ಕೆ ಬರುವಾಗ ಉಗುರು ಅಂಗೈಗೆ ನಾಟಿ ರಕ್ತ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ತೊಂಬತ್ತೊಂಬತ್ತು ದಾಟಿತು.

"ಟೆನೇಶಸ್."

ಅರ್ಥ ಮರೆತುಹೋಗಿತ್ತು. ಬೆತ್ತ ಮೇಲೆದ್ದಿತು. ಬಲಗೈಯ ಗಾಯ ಚುರ್ ಎಂದಿತು.

"ಹಿಡಿದದ್ದು ಬಿಡದವ!"

ಕೂಗಿದವನೇ ಬೆತ್ತ ಕಸಿದುಕೊಂಡ. ಕುರ್ಚಿಯನ್ನು ಒದ್ದ, ಅದು ಎಂಟು ತುಂಡಾಯಿತು. ಕೈ ನೋಡಲು ನೆಲದ ಕಲ್ಲಿಗೊಂದು ಬಾರಿಸಿದ. ಎರಡು ಬೆರಳು ದಪ್ಪದ ತಾಂಡೂರು ಕಲ್ಲು ಹಪ್ಪಳದಂತೆ ಸೀಳಿತು.

"ಬಿಚ್ರಿ ಶೇರ್ವಾನಿ, ಮಾಸ್ತರ! ಬೇಡ್ರಿ, ಅಳ್ರಿ, ಬಿಡಂಗಿಲ್ಲ!"

ಮಾಸ್ತರರು ಬೇಡಲಿಲ್ಲ. ಒಂದೊಂದೇ ಗುಂಡಿ ಬಿಚ್ಚಿ, ಶೇರ್ವಾನಿ ಮಡಚಿ ಹೆಂಡತಿಯ ಕೈಗೆ ಕೊಟ್ಟು, ಗೋಡೆಗೆ ಮುಖ ಮಾಡಿ ಕುಳಿತರು.

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಇಲ್ಲಿಯವರೆಗೆ ನಾನು ಒಂದಕ್ಕೆ ಹತ್ತು ಸೇರಿಸಿ ಹೇಳಿದ್ದುಂಟು. ಇದಕ್ಕೆ ಒಂದು ಕಾಳಷ್ಟೂ ಸೇರಿಸಿಲ್ಲ. ಭುಜದಿಂದ ಸೊಂಟದವರೆಗೆ ಆ ಬೆನ್ನು ಉತ್ತ ಹೊಲದಂತಿತ್ತು. ಬಾಸುಂಡೆಯ ಮೇಲೆ ಬಾಸುಂಡೆ, ಕಪ್ಪಗಾದದ್ದು, ಬೆಳ್ಳಗಾದದ್ದು, ಇನ್ನೂ ಕೆಂಪಗಿರುವುದು. ಹೊಸ ಬೆತ್ತ ಬೀಳಲು ಬೆರಳಗಲ ಜಾಗವಿರಲಿಲ್ಲ.

"ಈ ಬರಿ ಎಲ್ಲಾ ನಿನ್ನಂಗ ಸಿಟ್ಟಿಲೆ ಕಲ್ತು ನೂರಕ್ಕ ನೂರು ಹೇಳಿದವರವೇ," ಮಾಸ್ತರರು ಗೋಡೆಗೆ ಹೇಳಿದರು. "ಹೊಡಿ ಮಗಾ, ಗಾಡಿಗೆ ಹೊತ್ತಾತು."